ಮತೇರಾದಲ್ಲಿ ನೀರಿನ ಜಾಡು ಹಿಡಿದು

ಬಾರಿ ನಗರದಿಂದ ಹೊರಡುವ ಕಿರುಹಳಿಯ ಪುಟ್ಟ ರೈಲು ಆಲಿವ್ ತೋಟ, ಗೋಧಿ ಹೊಲ, ಕಲ್ಲುಬೇಲಿಗಳ ನಡುವೆ ಕುಲುಕುತ್ತ ಸಾಗಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡು ಮತೇರಾಕ್ಕೆ ತಂದು ಬಿಡುತ್ತದೆ. ದೂರ ನೋಡಿದರೆ ಸುಮಾರು 65 ಕಿಲೋಮೀಟರ್ ಮಾತ್ರ. ಅವಸರದವರಿಗೆ ಹೇಳಿ ಮಾಡಿಸಿದ ಪ್ರಯಾಣವಲ್ಲ. 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಎನಿಸಿಕೊಂಡ ವರ್ಷದಲ್ಲೂ ಇಟಲಿಯ ಮುಖ್ಯ ರೈಲುಜಾಲ ಈ ಊರನ್ನು ಮುಟ್ಟಿರಲಿಲ್ಲ ಎಂಬುದು ನೆನಪಾದರೆ, ದಕ್ಷಿಣ ಇಟಲಿಯ ಬಸಿಲಿಕಾತಾ ಪ್ರಾಂತ್ಯ ಎಷ್ಟು ಮೂಲೆಯಲ್ಲಿ ಉಳಿದುಬಿಟ್ಟಿತ್ತು ಎಂದು ಬೇರೆ ಹೇಳಬೇಕಿಲ್ಲ.

ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ವಿತ್ತೋರಿಯೊ ವೆನೆತೊ ಚೌಕ. ಕಾಫಿ ಅಂಗಡಿ, ಚರ್ಚು, ಬೆಂಚುಗಳ ಮೇಲೆ ಕುಳಿತ ಮುದುಕರು. ಇಟಲಿಯ ಯಾವ ಪಟ್ಟಣದಲ್ಲಾದರೂ ಕಾಣುವ ನೋಟ. ಚಿತ್ರಗಳಲ್ಲಿ ನೋಡಿದ ಕಲ್ಲಿನ ಊರು ಎಲ್ಲಿ ಎಂದು ಹುಡುಕುತ್ತ ಚೌಕದ ಒಂದು ಬದಿಯ ಮೂರು ಕಮಾನುಗಳ ಒಳಗೆ ಹೋಗಿ ಬಗ್ಗಿದೆ. ಊರು ಕಾಲ ಕೆಳಗಿತ್ತು. ದೊಡ್ಡ ಬೋಗುಣಿಯ ಒಳಗೋಡೆಗೆ ಅಂಟಿಸಿದಂತೆ ಮನೆಯ ಮೇಲೆ ಮನೆ, ಮಾಡಿನ ಮೇಲೆ ದಾರಿ, ದಾರಿಯ ಪಕ್ಕದಲ್ಲೇ ಕೆಳಮನೆಯ ಹೊಗೆಗೂಡು. ಬಣ್ಣವೆಲ್ಲ ಒಂದೇ: ಹಳೆಯ ಬೆಣ್ಣೆಯ ಹಳದಿ.

ನನಗಿದ್ದದ್ದು ಒಂದೂವರೆ ದಿನ, ನಡುವೆ ಒಂದು ರಾತ್ರಿ. ಸುತ್ತಮುತ್ತಲಿನ ಬಂಡೆಗಳಲ್ಲಿ ಸುಮಾರು 150 ಗುಹಾ ಚರ್ಚುಗಳಿವೆ. ಅವುಗಳ ಪಟ್ಟಿ ಹಿಡಿದು ಓಡಾಡುವುದಕ್ಕಿಂತ ಒಂದೇ ಪ್ರಶ್ನೆಯ ಬೆನ್ನು ಹತ್ತುವುದು ಲೇಸೆನಿಸಿತು. ಹೊಳೆ ಇರುವುದು ಊರಿನ ಪಕ್ಕದ ಆಳದ ಕೊರಕಲಿನಲ್ಲಿ. ಬೇಸಗೆಯಲ್ಲಿ ಮಳೆ ತೀರ ಕಡಿಮೆ. ಬಂಡೆ ನೀರನ್ನು ಹಿಡಿದಿಡದೆ ಕುಡಿದುಬಿಡುವ ಜಾತಿಯದು. ಇಂಥ ಕಡೆ ಸಾವಿರಾರು ಜನ ಶತಮಾನಗಳ ಕಾಲ ನೀರಿಗೆ ಏನು ಮಾಡಿಕೊಂಡರು? ಈ ಪ್ರಶ್ನೆಯ ಉತ್ತರ ತಿಳಿದರೆ ಮತೇರಾದ ಉಳಿದ ಕಥೆಯೆಲ್ಲ, ಅದರ ಅವಮಾನವೂ ಸೇರಿ, ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ನೆಲದ ಲಕ್ಷಣ. ಊರಿನ ಪೂರ್ವಕ್ಕೆ ಗ್ರವಿನಾ ಎಂಬ ಹೊಳೆ ಕೊರೆದ ಕಡಿದಾದ ಕಮರಿ. ಕಮರಿಯ ಆಚೆ ದಡದಲ್ಲಿ ಮುರ್ಜಾ ಎಂಬ ಬೋಳು ಪ್ರಸ್ಥಭೂಮಿ. ಈಚೆ ದಡದಲ್ಲಿ ಬಂಡೆ ಎರಡು ಬೋಗುಣಿಗಳಂತೆ ತಗ್ಗಾಗಿದೆ. ಉತ್ತರದ್ದು ಸಾಸ್ಸೊ ಬಾರಿಸಾನೊ, ದಕ್ಷಿಣದ್ದು ಸಾಸ್ಸೊ ಕವೆಯೋಸೊ. ಎರಡರ ನಡುವೆ ಮೂಗಿನಂತೆ ಚಾಚಿಕೊಂಡ ದಿಬ್ಬ ಚಿವಿತಾ; ಅದರ ನೆತ್ತಿಯ ಮೇಲೆ 13ನೆಯ ಶತಮಾನದ ಕೆಥೆಡ್ರಲ್. ಸಾಸ್ಸೊ ಎಂದರೆ ಕಲ್ಲು, ಬಹುವಚನದಲ್ಲಿ ಸಾಸ್ಸಿ. ಊರಿನ ಬಡಾವಣೆಗಳಿಗೇ 'ಕಲ್ಲುಗಳು' ಎಂದು ಹೆಸರು. ಇವುಗಳ ಹಿಂದೆ, ಪಶ್ಚಿಮಕ್ಕೆ, ಸಮತಟ್ಟಾದ ಪಿಯಾನೊ. ನಾನು ರೈಲಿನಿಂದ ಇಳಿದು ಕಾಫಿ ಕುಡಿದದ್ದು ಅಲ್ಲಿ. ಅದಕ್ಕೂ ಹಿಂದೆ ಜೇಡಿಮಣ್ಣಿನ ಗುಡ್ಡಗಳು. ಈ ಗುಡ್ಡಗಳನ್ನು ಪ್ರವಾಸಿಗರು ಯಾರೂ ನೋಡುವುದಿಲ್ಲ, ನೋಡುವಂಥದ್ದೂ ಅಲ್ಲಿ ಹೆಚ್ಚಿಲ್ಲ. ಆದರೆ ಜೇಡಿ ನೀರನ್ನು ಹಿಡಿದುಕೊಂಡು ನಿಧಾನವಾಗಿ ಒಸರಿಸುತ್ತದೆ. ಒಣಬಂಡೆಯ ಊರಿಗೆ ಅದು ಬೆನ್ನ ಹಿಂದಿನ ಆಸರೆ.

ಇನ್ನು ಬಂಡೆಯ ಮಾತು. ಊರಿನವರು ಅದನ್ನು ತೂಫೊ ಎನ್ನುತ್ತಾರೆ. ನಿಜಕ್ಕೆ ತೂಫೊ ಎಂದರೆ ಜ್ವಾಲಾಮುಖಿಯ ಬೂದಿಯಿಂದಾದ ಕಲ್ಲು. ಇಲ್ಲಿ ಜ್ವಾಲಾಮುಖಿಯ ಕೆಲಸವೇನೂ ಇಲ್ಲ. ಇದು ಒಂದು ಕಾಲದ ಸಮುದ್ರದ ತಳದಲ್ಲಿ ಚಿಪ್ಪು, ಮರಳು ಸೇರಿ ಗಟ್ಟಿಯಾದ ಸುಣ್ಣಕಲ್ಲಿನ ಬಗೆ. ಗೋಡೆಗೆ ಮುಖ ಹತ್ತಿರ ತಂದು ನೋಡಿದರೆ ಕಪ್ಪೆಚಿಪ್ಪಿನ ಗೆರೆಗಳು ಬೆರಳಿಗೇ ಸಿಗುತ್ತವೆ. ನೆಲದೊಳಗಿರುವಾಗ ಕೈಗೊಡಲಿಗೆ ಬಗ್ಗುವಷ್ಟು ಮೆತ್ತಗೆ. ಹೊರಗೆ ಗಾಳಿಗೆ ಒಡ್ಡಿದ ಮೇಲೆ ಮೈ ಬಿಗಿದುಕೊಂಡು ಗಟ್ಟಿಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಮುರಕಲ್ಲು ಕಡಿಯುವುದನ್ನು ನೋಡಿದವರಿಗೆ ಈ ಗುಣ ಹೊಸದೇನಲ್ಲ.

ಇಂಥ ಕಲ್ಲು ಸಿಕ್ಕಾಗ ಮನೆ ಕಟ್ಟುವ ವಿಧಾನವೂ ಬೇರೆಯಾಗುತ್ತದೆ. ಬಂಡೆಯ ಇಳಿಜಾರಿಗೆ ಅಡ್ಡಲಾಗಿ ಗವಿ ಕೊರೆಯಬೇಕು. ಕೊರೆದಾಗ ಬಂದ ಕಲ್ಲನ್ನು ಚೌಕ ಮಾಡಿ ಗವಿಯ ಬಾಯಿಯ ಮುಂದೆ ಅರ್ಧಕೊಳವೆಯಾಕಾರದ ಕಮಾನು ಛಾವಣಿಯ ಕೋಣೆ ಕಟ್ಟಬೇಕು. ಈ ಕೋಣೆಗೆ ಲಾಮಿಯಾ ಎಂದು ಹೆಸರು. ಹಾಗಾಗಿ ಹೊರಗಿನಿಂದ ಮನೆಯಂತೆ ಕಾಣುವ ಎಷ್ಟೋ ಕಟ್ಟಡಗಳು ಒಳಗೆ ಗವಿಗಳೇ. ತೆಗೆದ ಕಲ್ಲನ್ನು ಹೊತ್ತೊಯ್ಯುವ ಖರ್ಚಿಲ್ಲ, ತರುವ ಖರ್ಚೂ ಇಲ್ಲ. ಕೆಳಸಾಲಿನ ಲಾಮಿಯಾಗಳ ಛಾವಣಿಯೇ ಮೇಲಿನ ಸಾಲಿನವರಿಗೆ ದಾರಿ, ಅಂಗಳ, ಕೆಲವೊಮ್ಮೆ ಕೈತೋಟ. ಇಡೀ ಸಾಸ್ಸಿಯಲ್ಲಿ ಕಟ್ಟಡಕ್ಕೂ ಗಣಿಗೂ ನಡುವೆ ಗೆರೆ ಎಳೆಯಲು ಆಗುವುದಿಲ್ಲ.

ಗವಿ ಕೊರೆಯುವುದರಲ್ಲೂ ಒಂದು ಲೆಕ್ಕವಿತ್ತು. ಮತೇರಾ ಇರುವ ಅಕ್ಷಾಂಶದಲ್ಲಿ ಚಳಿಗಾಲದ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 26 ಡಿಗ್ರಿ ಮಾತ್ರ ಮೇಲೇರುತ್ತಾನೆ. ಬೇಸಗೆಯಲ್ಲಿ 73 ಡಿಗ್ರಿಯಷ್ಟು. ದಕ್ಷಿಣಕ್ಕೆ ಬಾಯಿಟ್ಟ ಗವಿಯ ನೆಲ ಒಳಗೆ ಹೋದಂತೆ ತುಸು ಇಳಿಜಾರಾಗಿದ್ದರೆ ಚಳಿಗಾಲದ ಓರೆ ಬಿಸಿಲು ಹಿಂಗೋಡೆಯವರೆಗೂ ಹೋಗುತ್ತದೆ, ಬೇಸಗೆಯ ನೆತ್ತಿಬಿಸಿಲು ಹೊಸ್ತಿಲಲ್ಲೇ ನಿಲ್ಲುತ್ತದೆ. ಇಂಥ ಇಳಿಜಾರನ್ನು ಹಳೆಯ ಗವಿಗಳಲ್ಲಿ ಗುರುತಿಸಿ ಬರೆದವರು ವಾಸ್ತುಶಿಲ್ಪಿ ಪಿಯೆತ್ರೊ ಲೌರೇನೊ. ಮತೇರಾವನ್ನು ಯುನೆಸ್ಕೊ ಪಟ್ಟಿಗೆ ಸೇರಿಸಲು ವರದಿ ಸಿದ್ಧಪಡಿಸಿದವರೂ ಅವರೇ. ಊರನ್ನು ನೀರಿನ ಕಣ್ಣಿನಿಂದ ನೋಡುವ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರೂ ಅವರೇ.

ಈಗ ನೀರಿಗೆ ಬರೋಣ.

ಮತೇರಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಬಹುಪಾಲು ಬೀಳುವುದು ಶರತ್ಕಾಲ ಮತ್ತು ಚಳಿಗಾಲದಲ್ಲಿ. ಒಂದು ಮನೆಯ ಛಾವಣಿ, ಅಂಗಳ ಎಲ್ಲ ಸೇರಿ 50 ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಂದು ಹನಿಯೂ ಪೋಲಾಗದಿದ್ದರೆ ವರ್ಷಕ್ಕೆ ಸಿಗುವುದು 27,500 ಲೀಟರ್. ದಿನಕ್ಕೆ 75 ಲೀಟರ್. ಮನೆಯಲ್ಲಿ ಆರು ಜನರಿದ್ದರೆ ತಲೆಗೆ ಹನ್ನೆರಡೂವರೆ ಲೀಟರ್. ನಾವು ಸ್ನಾನಕ್ಕೆ ತುಂಬಿಟ್ಟುಕೊಳ್ಳುವ ಒಂದು ಬಕೆಟ್ ನೀರಿಗಿಂತ ಕಡಿಮೆ. ಕುಡಿಯಲು, ಅಡುಗೆಗೆ, ತೊಳೆಯಲು, ಹೇಸರಗತ್ತೆಗೆ, ಎಲ್ಲಕ್ಕೂ ಅಷ್ಟೇ. ಬದುಕಲು ಸಾಕು, ಆದರೆ ಕೊಂಚವೂ ಸಡಿಲವಿಲ್ಲ. ಅದೂ ಒಂದು ಷರತ್ತಿನ ಮೇಲೆ: ಚಳಿಗಾಲದಲ್ಲಿ ಬಿದ್ದದ್ದನ್ನು ಬೇಸಗೆ ಮುಗಿಯುವವರೆಗೆ ಎಲ್ಲಾದರೂ ಕೆಡದಂತೆ ಇಟ್ಟಿರಬೇಕು.

ಇಟ್ಟದ್ದು ಬಂಡೆಯೊಳಗೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವನ್ನು ಕಂಡವರಿಗೆ ಮತೇರಾದ ತೊಟ್ಟಿಯ ಆಕಾರ ವಿವರಿಸುವುದೇ ಬೇಡ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ಹೋದಂತೆ ಗಂಟೆಯಂತೆ ಅಗಲವಾಗುವ ಹೊಟ್ಟೆ. ಬಾಯಿ ಸಣ್ಣದಾದ್ದರಿಂದ ಬಿಸಿಲೂ ಕಸವೂ ಒಳಗೆ ಹೋಗುವುದಿಲ್ಲ, ನೀರು ಆವಿಯಾಗುವುದೂ ಕಡಿಮೆ. ಬೆಳಕಿಲ್ಲದ ಕಡೆ ಪಾಚಿ ಹುಟ್ಟುವುದಿಲ್ಲ. ಕಲ್ಲು ನೀರು ಕುಡಿಯುವುದರಿಂದ ಒಳಮೈಗೆ ಸುಣ್ಣ ಮತ್ತು ಹೆಂಚಿನ ಪುಡಿ ಕಲಸಿದ ಗಾರೆ ಬಳಿಯುತ್ತಿದ್ದರು. ಇಟಲಿಯವರು ಅದನ್ನು ಕೊಚ್ಚೊಪೆಸ್ತೊ ಎನ್ನುತ್ತಾರೆ, ರೋಮನ್ನರ ಕಾಲದ ವಿದ್ಯೆ. ನಮ್ಮ ಕಡೆ ಅದೇ ಬಗೆಯ ಮಸಾಲೆಗೆ ಸುರ್ಕಿ ಎಂದು ಹೆಸರು. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಈ ಸುರ್ಕಿಯೇ.

ಬರಿ ತೊಟ್ಟಿ ಇದ್ದರೆ ಸಾಲದು, ನೀರು ಅಲ್ಲಿಗೆ ಬರಬೇಕು. ಛಾವಣಿಯ ನೀರು ಕಲ್ಲಿನ ದೋಣಿಗಳಲ್ಲಿ ಹರಿದು, ಗೋಡೆಯೊಳಗೆ ಹುಗಿದ ಸುಟ್ಟಮಣ್ಣಿನ ಕೊಳವೆಯಲ್ಲಿ ಇಳಿದು ತೊಟ್ಟಿ ಸೇರುತ್ತಿತ್ತು. ಬೆಟ್ಟದ ಮೇಲಿನ ತೊಟ್ಟಿ ತುಂಬಿ ಹೆಚ್ಚಾದದ್ದು ಕೆಳಗಿನ ತೊಟ್ಟಿಗೆ. ಹಾಗೆ ಸಾಲಾಗಿ ಇಳಿದು ಕೊನೆಗೆ ಉಳಿದದ್ದು ಗ್ರಬಿಲ್ಯೋನಿ ಎಂಬ ಎರಡು ದೊಡ್ಡ ಕೊರಕಲುಗಳ ಮೂಲಕ ಗ್ರವಿನಾ ಹೊಳೆಗೆ. ಸಾಸ್ಸೊಗೆ ಒಂದರಂತೆ ಇದ್ದ ಈ ಕೊರಕಲುಗಳು ಮಳೆಗಾಲದಲ್ಲಿ ಊರನ್ನು ತೊಳೆಯುವ ಚರಂಡಿಗಳೂ ಆಗಿದ್ದವು. ಇದಲ್ಲದೆ ಗವಿಯ ತಣ್ಣನೆಯ ಗೋಡೆಗಳ ಮೇಲೆ ರಾತ್ರಿಯ ತೇವ ಹನಿಗಟ್ಟುವುದನ್ನೂ ಹಳಬರು ಬಿಡದೆ ಹಿಡಿಯುತ್ತಿದ್ದರು ಎಂದು ಲೌರೇನೊ ವಾದಿಸುತ್ತಾರೆ. ಹಾಗೆ ಎಷ್ಟು ನೀರು ಸಿಕ್ಕೀತು ಎಂಬ ಬಗ್ಗೆ ನನಗೆ ಅನುಮಾನವಿದೆ. ಛಾವಣಿ ಮತ್ತು ತೊಟ್ಟಿಯ ಲೆಕ್ಕ ಮಾತ್ರ ಕಣ್ಣೆದುರಿಗೇ ಇದೆ.

ಇದರ ದೊಡ್ಡ ರೂಪ ನೋಡಬೇಕಾದರೆ ಮತ್ತೆ ಮೇಲೆ, ಮೊದಲು ಕಾಲಿಟ್ಟ ಚೌಕಕ್ಕೇ ಬರಬೇಕು. ಅಲ್ಲಿ ಟಿಕೆಟ್ ಕೊಂಡು ಮೆಟ್ಟಿಲಿಳಿದರೆ ಪಲೊಂಬಾರೊ ಲುಂಗೊ. 19ನೆಯ ಶತಮಾನದಲ್ಲಿ ಹಳೆಯ ಗವಿ, ತೊಟ್ಟಿಗಳನ್ನು ಒಂದಕ್ಕೊಂದು ಕೂಡಿಸಿ, ಅಗೆದು ಮಾಡಿದ ಸಾರ್ವಜನಿಕ ತೊಟ್ಟಿ ಅದು. ಆಳ ಸುಮಾರು 15 ಮೀಟರ್, ಹಿಡಿಯುವ ನೀರು ಸುಮಾರು 50 ಲಕ್ಷ ಲೀಟರ್. ಬಂಡೆಯನ್ನೇ ಬಿಟ್ಟು ಕಡೆದ ಕಂಬಗಳು ಚೌಕದ ಭಾರ ಹೊತ್ತು ನಿಂತಿವೆ. ಗೋಡೆಯ ಮೇಲೆ ಒಂದು ಕಾಲದ ನೀರಿನ ಮಟ್ಟ ಗೆರೆ ಎಳೆದಂತೆ ಕಾಣುತ್ತದೆ. ಗುಡ್ಡಗಳ ಒಸರು, ಮಳೆ ಎರಡೂ ಇಲ್ಲಿಗೆ ಬಂದು ಸೇರುತ್ತಿದ್ದವು. ಜನ ಮೇಲಿನಿಂದ ಬಿಂದಿಗೆ ಇಳಿಬಿಟ್ಟು ಸೇದಿಕೊಳ್ಳುತ್ತಿದ್ದರು. 1920ರ ದಶಕದಲ್ಲಿ ಪುಲಿಯಾ ಪ್ರಾಂತ್ಯದ ದೊಡ್ಡ ಕೊಳಾಯಿ ಮತೇರಾ ಮುಟ್ಟಿದ ಮೇಲೆ ಇದರ ಕೆಲಸ ಮುಗಿಯಿತು. ಊರು ಅದನ್ನು ಮರೆತೇಬಿಟ್ಟಿತು. 1991ರಲ್ಲಿ ಚೌಕದ ದುರಸ್ತಿಗೆ ಅಗೆದಾಗ ಮತ್ತೆ ಸಿಕ್ಕಿತು. ಅದನ್ನು ಕಟ್ಟಿ ಒಂದೂವರೆ ಶತಮಾನವಷ್ಟೇ ಆಗಿತ್ತು. ಇಷ್ಟು ದೊಡ್ಡದನ್ನು ಇಷ್ಟು ಬೇಗ ಮರೆಯಲು ಸಾಧ್ಯವೇ ಎಂದು ಅಲ್ಲಿ ನಿಂತಾಗ ಅನಿಸುತ್ತದೆ. ಕೊಳಾಯಿ ತಿರುಗಿಸಿದರೆ ನೀರು ಬರುವಲ್ಲೆಲ್ಲ ಬಾವಿಗಳ ಗತಿ ಇದೇ ತಾನೆ.

ಮನೆಯ ತೊಟ್ಟಿ, ಊರಿನ ತೊಟ್ಟಿ, ಇವೆರಡರ ನಡುವೆ ಮೂರನೆಯದೊಂದಿತ್ತು: ಕೂಡುತೊಟ್ಟಿ. ಹತ್ತಾರು ಮನೆಗಳು ಒಂದು ಅಂಗಳದ ಸುತ್ತ ಬಾಗಿಲು ತೆರೆಯುವ ಗುಂಪಿಗೆ ವಿಚಿನಾತೊ ಎನ್ನುತ್ತಾರೆ. ನಮ್ಮ ವಠಾರವೇ. ವಠಾರಕ್ಕೊಂದು ಬಾವಿಕಟ್ಟೆ, ಬಟ್ಟೆ ಒಗೆಯಲು ಕಲ್ಲು. ವಠಾರದ ಜೀವ ಎಲ್ಲಿದ್ದರೂ ನೀರಿನ ಬಳಿಯೇ ಇರುತ್ತದೆ, ಜಗಳವೂ ಅಲ್ಲೇ, ಮದುವೆ ಮಾತೂ ಅಲ್ಲೇ. ಒಲೆಯೂ ಹಂಚಿಕೆಯದ್ದು. ಗಟ್ಟಿ ಗೋಧಿಯ ದೊಡ್ಡ ರೊಟ್ಟಿಗಳನ್ನು ಮನೆಯಲ್ಲಿ ನಾದಿ ಊರೊಲೆಗೆ ಕಳಿಸುತ್ತಿದ್ದರು. ಯಾರ ರೊಟ್ಟಿ ಯಾರದೆಂದು ತಿಳಿಯಲು ಪ್ರತಿ ಮನೆಗೂ ಹೆಸರಿನ ಅಕ್ಷರ ಕೆತ್ತಿದ ಮರದ ಮುದ್ರೆ. ಆ ಮುದ್ರೆಗಳನ್ನು ಈಗ ಕುರಿಗಾಹಿ, ಕೋಳಿಗಳ ಗೊಂಬೆಯ ತಲೆಯಿಟ್ಟು ಪ್ರವಾಸಿಗರಿಗೆ ಮಾರುತ್ತಾರೆ. ನಾನೂ ಒಂದು ಕೊಂಡೆ. ರೊಟ್ಟಿ ಬೇಯಿಸುವ ಉದ್ದೇಶ ಖಂಡಿತ ಇಲ್ಲ. ಆಗಸ್ಟ್ 1ರಂದು ಕ್ರಾಪಿಯಾತಾ ಎಂಬ ಅಡುಗೆ: ಸುಗ್ಗಿ ಮುಗಿದ ಮೇಲೆ ಮನೆಗೊಂದು ಹಿಡಿಯಂತೆ ತಂದ ಕಡಲೆ, ಅವರೆ ಜಾತಿಯ ಕಾಳು, ಗೋಧಿಗಳನ್ನು ಒಂದೇ ಹಂಡೆಯಲ್ಲಿ ಹಾಕಿ ಬೇಯಿಸಿ ವಠಾರವೆಲ್ಲ ಉಣ್ಣುವುದು.

ಇಷ್ಟು ಓದಿದವರಿಗೆ ಇದೊಂದು ಸುಂದರ ಹಳ್ಳಿಬದುಕಿನ ವರ್ಣನೆ ಎನಿಸಿದರೆ ತಪ್ಪು ನನ್ನದು. ಏಕೆಂದರೆ ಇದೇ ಊರನ್ನು ನೋಡಿ ಇಟಲಿ 1940ರ ದಶಕದಲ್ಲಿ ತಲೆ ತಗ್ಗಿಸಿತು.

ವ್ಯವಸ್ಥೆ ಕೆಟ್ಟದ್ದು ಒಂದೇ ಏಟಿಗಲ್ಲ. 1663ರಲ್ಲಿ ಮತೇರಾ ಬಸಿಲಿಕಾತಾದ ರಾಜಧಾನಿಯಾಯಿತು. ಅಧಿಕಾರಿಗಳು, ಮಠಗಳು, ಜಮೀನ್ದಾರರು ಸಾಸ್ಸಿಯ ಇಕ್ಕಟ್ಟನ್ನು ಬಿಟ್ಟು ಪಿಯಾನೊದ ಸಮತಟ್ಟಿನಲ್ಲಿ ಅರಮನೆ, ಚರ್ಚು ಕಟ್ಟಿಕೊಂಡರು. ಅಲ್ಲಿಂದ ಊರಿಗೆ ಮೇಲು ಕೆಳಗು ಎಂಬುದು ಬರಿ ಭೂಗೋಳದ ಮಾತಾಗಿ ಉಳಿಯಲಿಲ್ಲ. 1806ರಲ್ಲಿ ನೇಪಲ್ಸನ್ನು ಗೆದ್ದ ಫ್ರೆಂಚರು ರಾಜಧಾನಿಯನ್ನು ಪೊತೆಂಜಾಕ್ಕೆ ಒಯ್ದರು. ಕಚೇರಿಗಳು ಹೋದವು, ಅವುಗಳ ಜೊತೆ ದುಡ್ಡೂ ಹೋಯಿತು. ಕೆಳಗೆ ಉಳಿದ ರೈತರು, ಕೂಲಿಗಳು, ಕುರಿಗಾಹಿಗಳ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು. ಹೊಸ ಮನೆಗೆ ಜಾಗವಿಲ್ಲ, ಕಟ್ಟಲು ಹಣವಿಲ್ಲ. ಆಗ ಕೊಟ್ಟಿಗೆಗಳು ಮನೆಗಳಾದವು. ಉಗ್ರಾಣಗಳು ಮನೆಗಳಾದವು. ಕೊನೆಗೆ ತೊಟ್ಟಿಗಳೂ ಮನೆಗಳಾದವು: ಬದಿಯಿಂದ ಬಾಗಿಲು ಕೊರೆದು, ಸಂಸಾರ ಹೂಡಿದರು.

ಮೇಲಿನ ಲೆಕ್ಕವನ್ನು ಇಲ್ಲಿ ನೆನೆಯಬೇಕು. ಒಂದು ತೊಟ್ಟಿಯಲ್ಲಿ ಸಂಸಾರ ಹೂಡಿದರೆ ನೀರು ತುಂಬುವ ಪಾತ್ರೆ ಹೋಯಿತು, ಅದೇ ನೀರಿಗೆ ಬಾಯಿ ಹೆಚ್ಚಿತು. ಛಾವಣಿ ಅಷ್ಟೇ, ಮಳೆ ಅಷ್ಟೇ. ತಲೆಗೆ ಹನ್ನೆರಡೂವರೆ ಲೀಟರ್ ಇದ್ದದ್ದು ಆರಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ; ಆ ಆರನ್ನೂ ಬೇಸಗೆಗೆ ಇಡಲು ಜಾಗವಿಲ್ಲ. ತೊಟ್ಟಿಯಾಗಿದ್ದ ಗವಿಗೆ ಕಿಟಕಿಯಿಲ್ಲ, ಗಾಳಿಯಿಲ್ಲ, ತೇವ ಹೋಗುವುದಿಲ್ಲ. ನೀರಿಡಲು ಯೋಗ್ಯವಾದದ್ದೆಲ್ಲ ಮನುಷ್ಯ ಮಲಗಲು ಅಯೋಗ್ಯ. 1930ರ ದಶಕದಲ್ಲಿ ಬಂದ ಸರ್ಕಾರಿ ಸುಧಾರಣೆ ಇದನ್ನು ಇನ್ನಷ್ಟು ಕೆಡಿಸಿತು. ಮೋಟಾರು ರಸ್ತೆ ಬೇಕೆಂದು ಎರಡೂ ಗ್ರಬಿಲ್ಯೋನಿಗಳನ್ನು ಮುಚ್ಚಿ ಅವುಗಳ ಮೇಲೆ ದಾರಿ ಹಾಕಿದರು. ಇವತ್ತು ಸಾಸ್ಸೊ ಬಾರಿಸಾನೊದಲ್ಲಿ ಆರಾಮವಾಗಿ ನಡೆಯುವ ವಿಯಾ ಫಿಯೊರೆಂತೀನಿ ಅಂಥದ್ದೇ ರಸ್ತೆ. ಹೆಜ್ಜೆ ಹಾಕುವಾಗ ಕೆಳಗಿರುವುದು ಹಳೆಯ ಚರಂಡಿ.

ಆ ಕಾಲದ ಮನೆ ಹೇಗಿತ್ತೆಂದು ತೋರಿಸಲು ವಿಕೊ ಸೊಲಿತಾರಿಯೊ ಎಂಬ ಓಣಿಯಲ್ಲಿ ಒಂದು ಗವಿಮನೆಯನ್ನು ಸಾಮಾನುಗಳ ಸಮೇತ ಇಟ್ಟಿದ್ದಾರೆ. ಮನೆಯೆಂದರೆ ಒಂದೇ ಕೋಣೆ. ನಡುವೆ ಎತ್ತರದ ಮಂಚ. ಎತ್ತರ ಏಕೆಂದರೆ ಕೋಳಿಗಳು ಅದರ ಕೆಳಗೆ. ಪಕ್ಕದಲ್ಲಿ ಚಿಕ್ಕ ಮೇಜು, ಮನೆಮಂದಿಯೆಲ್ಲ ಒಂದೇ ಬೋಗುಣಿಯಿಂದ ತಿನ್ನುತ್ತಿದ್ದರು. ಹಿಂದೆ, ಗವಿಯ ತುದಿಯಲ್ಲಿ, ಹೇಸರಗತ್ತೆ. ಹೇಸರಗತ್ತೆಯನ್ನು ಹೊರಗೆ ಕಟ್ಟಲು ಕಳ್ಳರ ಭಯ, ಅದು ಹೋದರೆ ದುಡಿಮೆಯೇ ಹೋದಂತೆ. ಮೇಲಾಗಿ ಚಳಿಯಲ್ಲಿ ಅದರ ಮೈಶಾಖ ಮನೆಗೂ ಬೇಕು. ಸಗಣಿ ಒಳಗೇ ಕೊಳೆತು ಕಾವು ಕೊಡುತ್ತಿತ್ತು. ಡ್ರಾಯರುಗಳಲ್ಲಿ ಮಕ್ಕಳನ್ನು ಮಲಗಿಸುತ್ತಿದ್ದರು. ಆ ಕೋಣೆಯಲ್ಲಿ ಹತ್ತು ಪ್ರವಾಸಿಗರು ಒಟ್ಟಿಗೆ ನಿಂತಾಗಲೇ ಉಸಿರು ಕಟ್ಟಿತು. ಹೊರಗೆ ಬಂದಾಗ ಯಾರೋ 'ಎಷ್ಟು ಮುದ್ದಾಗಿದೆ' ಎಂದರು. ನಾನು ಹೇಸರಗತ್ತೆಯ ಜಾಗವನ್ನೇ ನೋಡುತ್ತಿದ್ದೆ.

ಇಲ್ಲಿ ಪ್ರವಾಸಿ ಕೈಪಿಡಿಗಳ ಒಂದು ಮಾತನ್ನು ತಿದ್ದಬೇಕು. ಮತೇರಾದಲ್ಲಿ ಆದಿಮಾನವರ ಕಾಲದಿಂದ ಜನ ಹೀಗೇ ಗವಿಗಳಲ್ಲಿ ಬದುಕಿದರು, 1950ರ ದಶಕದಲ್ಲಿ ಹೊರಬಂದರು ಎಂದು ಅವು ಹೇಳುತ್ತವೆ. ಆದಿಮಾನವರು ಇದ್ದದ್ದು ನಿಜ. ಕಮರಿಯ ಆಚೆಗಿನ ಮುರ್ಜಾದಲ್ಲಿ ಶಿಲಾಯುಗದ ಗವಿಗಳು, ಸುತ್ತ ಕಂದಕ ತೋಡಿದ ನವಶಿಲಾಯುಗದ ಊರುಗಳು ಸಿಕ್ಕಿವೆ. ವೈದ್ಯರಾಗಿದ್ದ ದೊಮೆನಿಕೊ ರಿದೋಲಾ ಅಲ್ಲೆಲ್ಲ ಅಗೆದು, ಕೂಡಿಟ್ಟದ್ದನ್ನು ದೇಶಕ್ಕೆ ಕೊಟ್ಟು 1911ರಲ್ಲಿ ವಸ್ತುಸಂಗ್ರಹಾಲಯ ಆಗುವಂತೆ ಮಾಡಿದರು. ಆದರೆ ಕತ್ತೆ, ಕೋಳಿ, ಹತ್ತು ಜನ ಒಂದೇ ಕೋಣೆಯಲ್ಲಿ ಎಂಬ ಚಿತ್ರ ಕಡೆಯ ಒಂದೂವರೆ ಎರಡು ಶತಮಾನಗಳದ್ದು. ಬಡತನಕ್ಕೆ ಹತ್ತು ಸಾವಿರ ವರ್ಷಗಳ ವಯಸ್ಸು ಹಚ್ಚಿಬಿಟ್ಟರೆ ಅದಕ್ಕೆ ಯಾರೂ ಹೊಣೆಯಾಗುವುದಿಲ್ಲ. ಇನ್ನೂರು ವರ್ಷಗಳದ್ದು ಎಂದರೆ ಜಮೀನು ಯಾರ ಕೈಯಲ್ಲಿತ್ತು, ತೆರಿಗೆ ಯಾರಿಗೆ ಹೋಯಿತು ಎಂದು ಕೇಳಬೇಕಾಗುತ್ತದೆ. ಮತೇರಾದವರು ಅದನ್ನು ಹಿಂದೊಮ್ಮೆ ಜೋರಾಗಿಯೇ ಕೇಳಿದ್ದರು: ತೆರಿಗೆ ಹೇರಿ ಕೋಟೆ ಕಟ್ಟಿಸುತ್ತಿದ್ದ ಕೌಂಟ್ ತ್ರಮೊಂತಾನೊನನ್ನು 1514ರ ಡಿಸೆಂಬರಿನಲ್ಲಿ ಕೊಂದುಹಾಕಿದರು. ಅವನ ಕೋಟೆ ಇಂದಿಗೂ ಅರ್ಧಕ್ಕೇ ನಿಂತಿದೆ.

ಇಪ್ಪತ್ತನೆಯ ಶತಮಾನದಲ್ಲಿ ಕೇಳಿದ್ದು ಹೊರಗಿನವನೊಬ್ಬ. ಟೂರಿನ್ ನಗರದ ವೈದ್ಯ, ಚಿತ್ರಕಾರ ಕಾರ್ಲೊ ಲೆವಿಯನ್ನು ಮುಸೊಲಿನಿಯ ಸರ್ಕಾರ 1935ರಲ್ಲಿ ಬಸಿಲಿಕಾತಾದ ಹಳ್ಳಿಗಳಿಗೆ ಗಡೀಪಾರು ಮಾಡಿತ್ತು. ಆ ದಿನಗಳ ಬಗ್ಗೆ ಅವನು ಬರೆದ ಪುಸ್ತಕ 1945ರಲ್ಲಿ ಹೊರಬಂತು. ಮತೇರಾದ ಚಿತ್ರ ಅದರಲ್ಲಿ ಬರುವುದು ಅವನನ್ನು ನೋಡಲು ಬಂದ ಅಕ್ಕ, ವೈದ್ಯೆ ಲುಯೀಸಾಳ ಬಾಯಲ್ಲಿ. ಮಲೇರಿಯಾದಿಂದ ಹೊಟ್ಟೆ ಊದಿದ, ಕಣ್ಣುಬೇನೆಯ ಮಕ್ಕಳು ಅವಳ ಹಿಂದೆ ಬಿದ್ದು ಬೇಡಿದ್ದು ಕಾಸನ್ನಲ್ಲ, ಕ್ವಿನೈನ್ ಮಾತ್ರೆಯನ್ನು. ಓದಿದ ಇಟಲಿ ಬೆಚ್ಚಿತು. 1948ರಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿ ಬಂದು ಸಾಸ್ಸಿಯನ್ನು ರಾಷ್ಟ್ರದ ನಾಚಿಕೆಗೇಡು ಎಂದರು. 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಬಂದು ಕಣ್ಣಾರೆ ಕಂಡರು. 1952ರ ಮೇ ತಿಂಗಳಲ್ಲಿ ಕಾನೂನು ಬಂತು, ಅದರ ಸಂಖ್ಯೆ 619: ಸಾಸ್ಸಿಯ ಜನರನ್ನು ತೆರವು ಮಾಡಿ ಹೊಸ ಬಡಾವಣೆಗಳಿಗೆ ಸೇರಿಸಬೇಕು. ಮುಂದಿನ ಹದಿನೈದು ವರ್ಷಗಳ ಆಸುಪಾಸಿನಲ್ಲಿ ಸುಮಾರು 15,000 ಜನ, ಊರಿನ ಅರ್ಧದಷ್ಟು ಮಂದಿ, ಮೇಲೆ ಬಂದರು. ಬಿಟ್ಟುಬಂದ ಮನೆಗೆ ಮತ್ತೆ ಯಾರೂ ನುಗ್ಗದಂತೆ ಬಾಗಿಲಿಗೆ ಗೋಡೆ ಕಟ್ಟಿದರು.

ತೆರವು ಎಂದ ಕೂಡಲೇ ಬುಲ್ಡೋಜರ್ ನೆನಪಾಗುವ ನಮಗೆ ಒಂದು ಸಂಗತಿ ಸೋಜಿಗದ್ದು. ಕಾನೂನು ಬರುವ ಮೊದಲೇ ಅಧ್ಯಯನ ತಂಡವೊಂದು ಓಣಿ ಓಣಿ ಸುತ್ತಿತು. ಟೈಪ್‌ರೈಟರ್ ಉದ್ಯಮಿ ಆದ್ರಿಯಾನೊ ಒಲಿವೆತ್ತಿಯ ಬೆಂಬಲ, ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಫ್ರೀಡ್ರಿಶ್ ಫ್ರೀಡ್‌ಮನ್ ಮುಂದಾಳತ್ವ. ಜೊತೆಗೆ ವೈದ್ಯರು, ಮಾನವಶಾಸ್ತ್ರಜ್ಞರು, ವಾಸ್ತುಶಿಲ್ಪಿಗಳು. ಮನೆ ಕಟ್ಟಿಕೊಡುವ ಮುಂಚೆ ಜನ ಹೇಗೆ ಬದುಕುತ್ತಾರೆಂದು ಕೇಳೋಣ ಎಂದುಕೊಂಡವರು. ಅವರಿಗೆ ವಠಾರದ ಬೆಲೆ ಅರ್ಥವಾಯಿತು. ಅದರ ಫಲವಾಗಿ ಊರಿನಿಂದ ಕೆಲವು ಕಿಲೋಮೀಟರ್ ಆಚೆ, ಹೊಲಗಳ ಹತ್ತಿರ, ಲುದೊವಿಕೊ ಕ್ವಾರೋನಿ ಮುಂತಾದವರು ಲಾ ಮಾರ್ತೆಲ್ಲಾ ಎಂಬ ಹಳ್ಳಿಯನ್ನು ರೂಪಿಸಿದರು. ನಾಲ್ಕಾರು ಮನೆಗಳಿಗೊಂದು ಅಂಗಳ, ಮನೆಗೆ ತಾಗಿಯೂ ಬೇರೆಯಾಗಿಯೂ ಇರುವ ಕೊಟ್ಟಿಗೆ. ಮಂಚದಿಂದಲೇ ಹೇಸರಗತ್ತೆಯನ್ನು ನೋಡಲು ಕಿಂಡಿಯನ್ನೂ ಯೋಚಿಸಿದ್ದರಂತೆ ಎಂದು ನನ್ನೊಡನೆ ಬಂದ ಮಾರ್ಗದರ್ಶಿ ನಗುತ್ತ ಹೇಳಿದಳು. 1953ರಲ್ಲಿ ದೆ ಗಾಸ್ಪೆರಿಯವರೇ ಬಂದು ಕೀಲಿಕೈ ಕೊಟ್ಟರು.

ಹಳ್ಳಿ ಅಂದುಕೊಂಡಂತೆ ಬೆಳೆಯಲಿಲ್ಲ. ಭೂಸುಧಾರಣೆಯಲ್ಲಿ ಸಿಕ್ಕ ತುಂಡುಹೊಲದಿಂದ ಸಂಸಾರ ಸಾಗುವುದು ಕಷ್ಟವಾಯಿತು. ಗಂಡಸರು ಉತ್ತರ ಇಟಲಿಯ ಕಾರ್ಖಾನೆಗಳಿಗೆ, ಜರ್ಮನಿಗೆ ಹೊರಟರು. ಊರಿನ ಅಂಚಿಗೇ ಎದ್ದ ಸೆರ್ರಾ ವೆನೆರ್ದಿ, ಲನೇರಾ, ಸ್ಪೀನೆ ಬಿಯಾಂಕೆ ಬಡಾವಣೆಗಳು ಹೆಚ್ಚು ಬಾಳಿಕೆ ಬಂದವು. ಒಳಗೆ ಕೊಳಾಯಿ, ಕಕ್ಕಸು, ಮಕ್ಕಳಿಗೆ ಬೇರೆ ಕೋಣೆ. ವಠಾರ ಹೋಯಿತೆಂದು ಹೊರಗಿನ ವಿದ್ವಾಂಸರು ಮರುಗಿದಷ್ಟು ಒಳಗಿದ್ದ ಹೆಂಗಸರು ಮರುಗಿರಲಾರರು ಎಂಬುದು ನನ್ನ ಅಂದಾಜು. ದಿನಕ್ಕೆ ಎಷ್ಟು ಬಿಂದಿಗೆ ಹೊರಬೇಕೆಂಬ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಖಾಲಿ ಸಾಸ್ಸಿ ಸುಮಾರು ಎರಡು ದಶಕ ಪಾರಿವಾಳಗಳಿಗೂ ಕಳ್ಳರಿಗೂ ಸೇರಿತು. ಬೆಂಕಿಯಿಲ್ಲದ, ಗುಡಿಸದ, ಗಾರೆ ಮೆತ್ತದ ಗವಿ ಬೇಗ ಹಾಳಾಗುತ್ತದೆ. ದೋಣಿ ಕಟ್ಟಿಕೊಂಡರೆ ಮಳೆನೀರು ತೊಟ್ಟಿಗೆ ಹೋಗದೆ ಕಮಾನಿಗೆ ಇಳಿಯುತ್ತದೆ. ಮೊದಲು ಅದರ ಬೆಲೆ ಕಂಡವರು ಊರಿನದೇ ಕೆಲವು ಯುವಕರು. 1959ರಲ್ಲಿ ಲಾ ಸ್ಕಲೆತ್ತಾ ಎಂಬ ಸಂಘ ಕಟ್ಟಿಕೊಂಡು ಗುಹಾ ಚರ್ಚುಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸಿದರು. 1986ರಲ್ಲಿ ಇನ್ನೊಂದು ಕಾನೂನು, ಸಂಖ್ಯೆ 771, ಸಾಸ್ಸಿಯ ದುರಸ್ತಿಗೆ 10,000 ಕೋಟಿ ಲೀರಾ ಕೊಟ್ಟಿತು. ಲೀರಾದ ಕಾಲದಲ್ಲಿ ಸೊನ್ನೆಗಳು ಜಾಸ್ತಿ, ಬಾಯಿ ಬಿಡಬೇಕಿಲ್ಲ. ಬಹುಪಾಲು ಆಸ್ತಿ ತೆರವಿನ ಕಾಲದಿಂದ ಸರ್ಕಾರದ್ದೇ ಆಗಿದ್ದರಿಂದ ನಗರಸಭೆ ಅದನ್ನು ದುರಸ್ತಿಯ ಷರತ್ತಿನ ಮೇಲೆ ದೀರ್ಘಾವಧಿಗೆ ಬಳಸಲು ಕೊಡತೊಡಗಿತು. 1993ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಹೆಸರು ಬಂತು. ಆ ಹೊತ್ತಿಗೆ ನಾಚಿಕೆ ಹೋಗಿ ಹೆಮ್ಮೆ ಬಂದಿತ್ತು. ಕಲ್ಲು ಮಾತ್ರ ಅದೇ.

ಹೋಗುವವರಿಗೆ ಒಂದೇ ಸಲಹೆ ಕೊಡಬಲ್ಲೆ: ಬೆಳಗಿನ ಹೊತ್ತು ಗ್ರವಿನಾದ ತೂಗುಸೇತುವೆ ದಾಟಿ ಆಚೆ ದಡದ ಮುರ್ಜಾ ಹತ್ತಿ. ಇಳಿಯುವುದೂ ಹತ್ತುವುದೂ ಮೊಣಕಾಲು ಕೇಳುವ ಕೆಲಸ, ಒಳ್ಳೆಯ ಚಪ್ಪಲಿಯಿರಲಿ. ಅಲ್ಲಿಂದ ತಿರುಗಿ ನೋಡಿದರೆ ಇಡೀ ಊರು ಅಡ್ಡಡ್ಡ ಕೊಯ್ದ ಹಾಗೆ ತೆರೆದುಕೊಳ್ಳುತ್ತದೆ. ಮೇಲೆ ಕೆಥೆಡ್ರಲ್, ಅದರ ಕೆಳಗೆ ಮನೆ, ಮನೆಯ ಕೆಳಗೆ ಗವಿ, ಗವಿಯ ಕೆಳಗೆ ಇನ್ನೂ ಹಳೆಯ ಗವಿ, ಕೊನೆಗೆ ಹೊಳೆ. ನೀರು ಇಳಿದ ದಾರಿಯೂ ಅದೇ ಕ್ರಮ. ವಸಂತದಿಂದ ಬೇಸಗೆಯವರೆಗೆ ಗ್ರಿಲ್ಲಾಯೊ ಎಂಬ ಚಿಕ್ಕ ಡೇಗೆಗಳು ತಲೆಯ ಮೇಲೆ ಸುತ್ತುತ್ತಿರುತ್ತವೆ. ಊರಿನ ಹೆಂಚುಗಳ ಸಂದಿಯಲ್ಲಿ ಗೂಡು ಕಟ್ಟುವ ಹಕ್ಕಿಗಳು. ತೆರವಿನ ಕಾನೂನು ಅವಕ್ಕೆ ಅನ್ವಯಿಸಿರಲಿಲ್ಲ.

ಆ ರಾತ್ರಿ ನಾನು ಮಲಗಿದ್ದು ಸಾಸ್ಸೊ ಕವೆಯೋಸೊದ ಗವಿಯೊಂದರಲ್ಲಿ. ಈಗ ಅದು ನಾಲ್ಕು ಕೋಣೆಗಳ ಅತಿಥಿಗೃಹ. ಬಿಳಿ ಹಾಸಿಗೆ, ಮೂಲೆಯಲ್ಲಿ ಅಡಗಿಸಿಟ್ಟ ದೀಪ, ಕಿಟಕಿ ಇಲ್ಲ. ಬಚ್ಚಲು ಇದ್ದದ್ದು ಎರಡು ಮೆಟ್ಟಿಲು ಕೆಳಗೆ. ಕಲ್ಲಿನ ಸೂರು ಮೇಲಕ್ಕೆ ಹೋದಂತೆ ಕಿರಿದಾಗಿ ನೆತ್ತಿಯ ಮೇಲೆ ದುಂಡನೆಯ ತೂತಾಗಿತ್ತು; ಅದಕ್ಕೆ ದಪ್ಪ ಗಾಜು ಮುಚ್ಚಿದ್ದರು. ಗೋಡೆಯ ಮೇಲೆ ನನ್ನ ಭುಜದ ಎತ್ತರಕ್ಕೆ ಕೆಂಪುಮಿಶ್ರಿತ ಗಾರೆ, ಅದರ ಅಂಚಿಗೆ ಸುಣ್ಣದ ಬಿಳಿ ಗೆರೆ. ಗೆರೆಯ ಮೇಲೆ ಬೆರಳಾಡಿಸಿದರೆ ಒರಟು, ಕೆಳಗೆ ನುಣುಪು. ಷವರ್ ತಿರುಗಿಸಿದೆ. ಪುಲಿಯಾದ ಕೊಳಾಯಿಯ ನೀರು ಬಂತು, ಬಿಸಿಬಿಸಿಯಾಗಿ. ನಿಲ್ಲಿಸುವ ಹೊತ್ತಿಗೆ ಸಂಸಾರವೊಂದರ ದಿನದ ಪಾಲು ಹರಿದುಹೋಗಿತ್ತು.